ಕಲ್ಲು, ಮರ, ಮಂಜುಗಡ್ಡೆಗಳಲ್ಲಿ ಹಳೆಯ ಮಳೆಯ ಲೆಕ್ಕ

‘ಮಳೆ ಈಗ ಮೊದಲಿನ ಹಾಗಿಲ್ಲ’ ಎಂಬ ಮಾತು ನಮ್ಮ ಹಳ್ಳಿಗಳ ಕಟ್ಟೆಯ ಮೇಲೆ ದಿನವೂ ಕೇಳಿಬರುತ್ತದೆ. ಮೊದಲು ಎಂದರೆ ಯಾವಾಗ ಎಂದು ಕೇಳಿದರೆ ಮಾತ್ರ ಉತ್ತರ ಸುಲಭವಲ್ಲ. ಊರಿನ ಹಿರಿಯರೊಬ್ಬರ ನೆನಪು ಅರವತ್ತು ಎಪ್ಪತ್ತು ವರ್ಷ ಹಿಂದಕ್ಕೆ ಹೋದೀತು. ಅವರು ತಮ್ಮ ಅಜ್ಜನಿಂದ ಕೇಳಿದ ಮಾತನ್ನೂ ಸೇರಿಸಿಕೊಂಡರೆ ಇನ್ನೊಂದು ಐವತ್ತು ವರ್ಷ. ಮಳೆಮಾಪಕದ ಲೆಕ್ಕವನ್ನು ನಂಬೋಣವೆಂದರೆ ಅದರ ಕಥೆಯೂ ಅಷ್ಟೇ. ಇಡೀ ಭಾರತದ ಮುಂಗಾರಿನ ಒಟ್ಟು ಲೆಕ್ಕ ನಂಬುವಂತೆ ಸಿಗುವುದು 1871ರಿಂದ ಈಚೆಗೆ. ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ.

ಆ ಇಲಾಖೆ ಹುಟ್ಟಿದ ಮರುವರ್ಷವೇ ಧಾತು ಸಂವತ್ಸರದ ಮಳೆ ಕೈಕೊಟ್ಟಿತು. ಅದರ ಹಿಂದೆಯೇ ಈಶ್ವರ ಸಂವತ್ಸರ ಬಂತು. 1876ರಿಂದ 1878ರವರೆಗಿನ ಆ ಕ್ಷಾಮವನ್ನು ಹಳೆಯ ಮೈಸೂರಿನವರು ಧಾತು ಈಶ್ವರದ ಬರವೆಂದೇ ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷವಿತ್ತು. 1881ರಲ್ಲಿ ಎಣಿಸಿದಾಗ ಉಳಿದಿದ್ದವರು ಸುಮಾರು 42 ಲಕ್ಷ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟು ಲಕ್ಷದಷ್ಟು ಇಳಿದಿತ್ತು!

ಇಂಥ ಬರ ಎಷ್ಟು ಕಾಲಕ್ಕೊಮ್ಮೆ ಬರುತ್ತದೆ? ನೂರು ವರ್ಷಕ್ಕೊಮ್ಮೆಯೇ, ಇನ್ನೂರಕ್ಕೊಮ್ಮೆಯೇ? ಎರಡು ವರ್ಷದ ಬರವನ್ನು ಕಂಡಿದ್ದೇವೆ, ಹತ್ತು ವರ್ಷದ ಬರವೂ ಉಂಟೇ? ಕೆರೆ ಎಷ್ಟು ದೊಡ್ಡದಿರಬೇಕು, ಕಣಜದಲ್ಲಿ ಎಷ್ಟು ಕಾಳು ಉಳಿದಿರಬೇಕು, ಬೆಳೆ ವಿಮೆಯ ಕಂತು ಎಷ್ಟಿರಬೇಕು ಎಂಬುದೆಲ್ಲ ಈ ಪ್ರಶ್ನೆಗೆ ಸೇರಿದ್ದು. ನೂರೈವತ್ತು ವರ್ಷದ ಪುಸ್ತಕದಿಂದ ಇದಕ್ಕೆ ಉತ್ತರ ಹೇಳುವುದೆಂದರೆ ಒಂದೇ ಫಸಲನ್ನು ನೋಡಿ ಹೊಲದ ಗುಣ ಹೇಳಿದಂತೆ. ಆದ್ದರಿಂದಲೇ ವಿಜ್ಞಾನಿಗಳು ಮನುಷ್ಯ ಬರೆದಿಡದ ಲೆಕ್ಕವನ್ನು ಬೇರೆ ಕಡೆಗಳಲ್ಲಿ ಹುಡುಕುತ್ತಿದ್ದಾರೆ. ಅದು ಅವರಿಗೆ ಗವಿಗಳಲ್ಲಿ, ಕಾಡಿನ ಮರಗಳಲ್ಲಿ, ಜೌಗು ನೆಲದ ಮಣ್ಣಿನಲ್ಲಿ, ಹಿಮಾಲಯದ ಮಂಜಿನಲ್ಲಿ ಸಿಕ್ಕಿದೆ.

ಆಕಳಗವಿಯ ಕಲ್ಲು

ಉತ್ತರ ಕನ್ನಡ ಜಿಲ್ಲೆಯ ಕಾಡಿನಲ್ಲಿ ಸುಣ್ಣಕಲ್ಲಿನ ಗವಿಗಳಿವೆ. ಅವುಗಳಲ್ಲಿ ಆಕಳಗವಿ ಒಂದು. ಇಂಥ ಗವಿಯೊಳಗೆ ಹೊಕ್ಕವರು ಮೇಲಿನಿಂದ ಇಳಿಬಿದ್ದ ಕಲ್ಲಿನ ಜಟೆಗಳನ್ನೂ ಅವುಗಳ ಕೆಳಗೆ ನೆಲದಿಂದ ಎದ್ದ ಕಲ್ಲಿನ ಮೊಳಕೆಗಳನ್ನೂ ಕಂಡಿರುತ್ತಾರೆ. ಜನ ಅವನ್ನು ಲಿಂಗವೆಂದು, ಆಕಳ ಕೆಚ್ಚಲೆಂದು ಭಾವಿಸಿ ಪೂಜಿಸುವುದೂ ಉಂಟು. ಇವು ಬೆಳೆಯುವ ಬಗೆ ಹೀಗೆ. ಮಳೆಯ ನೀರು ಕಾಡಿನ ಮಣ್ಣಿನಲ್ಲಿ ಇಳಿಯುವಾಗ ಬೇರುಗಳೂ ಕೊಳೆತ ಎಲೆಗಳೂ ಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಸೇರಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣಕಲ್ಲನ್ನು ಕರಗಿಸಿಕೊಂಡು ಗವಿಯ ಚಾವಣಿಯಿಂದ ತೊಟ್ಟಿಕ್ಕುತ್ತದೆ. ಗವಿಯ ಗಾಳಿ ತಗುಲಿದೊಡನೆ ಡೈ ಆಕ್ಸೈಡು ಹೊರಟುಹೋಗಿ ಕರಗಿದ ಸುಣ್ಣ ಅಲ್ಲಿಯೇ ಗಟ್ಟಿಯಾಗುತ್ತದೆ. ಬಿಸಿನೀರಿನ ಹಂಡೆಯೊಳಗೆ ಗಟ್ಟಿಕಟ್ಟುವ ಸುಣ್ಣದ ಪದರವನ್ನು ನಮ್ಮ ಮನೆಗಳಲ್ಲಿ ನೋಡಿಲ್ಲವೇ, ಅದೇ ಜಾತಿ. ಹನಿಯ ಮೇಲೆ ಹನಿ, ಪದರದ ಮೇಲೆ ಪದರ.

ಮಳೆಗಾಲ, ಬೇಸಿಗೆ ಬೇರೆ ಬೇರೆಯಾಗಿರುವ ನಮ್ಮ ಸೀಮೆಯಲ್ಲಿ ಇಂಥ ಕಲ್ಲು ವರ್ಷಕ್ಕೊಂದು ಪದರದಂತೆ ಬೆಳೆಯುವುದುಂಟು. ಕಲ್ಲನ್ನು ಉದ್ದಕ್ಕೆ ಸೀಳಿ ನಯಗೊಳಿಸಿ ನೋಡಿದರೆ ಪದರಗಳನ್ನು ಎಣಿಸಬಹುದು. ಹೀಗೆ ಆಕಳಗವಿಯ ಕಲ್ಲೊಂದನ್ನು ಎಂ.ಜಿ. ಯಾದವ, ಆರ್. ರಮೇಶ್, ಜಿ.ಬಿ. ಪಂತ್ ಎಂಬ ವಿಜ್ಞಾನಿಗಳು ಪರಿಶೀಲಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲಿನ ಇಬ್ಬರು ಅಹಮದಾಬಾದಿನ ಭೌತ ಸಂಶೋಧನಾಲಯದವರು. ಪಂತ್ ಅವರು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ದುಡಿದವರು. ಆ ಒಂದು ಕಲ್ಲಿನಲ್ಲಿ 331 ವರ್ಷಗಳ ಮಳೆಯ ಏರಿಳಿತ ಅಡಗಿತ್ತು.

ಪದರವನ್ನು ಎಣಿಸಿದರೆ ವರ್ಷ ತಿಳಿದೀತು, ಮಳೆ ಎಷ್ಟಾಯಿತೆಂದು ತಿಳಿಯುವುದು ಹೇಗೆ? ಇಲ್ಲಿ ಆಮ್ಲಜನಕ ನೆರವಿಗೆ ಬರುತ್ತದೆ. ಆಮ್ಲಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಸಾವಿರದಲ್ಲಿ ಸುಮಾರು ಎರಡು ಸ್ವಲ್ಪ ಭಾರವಾಗಿರುತ್ತವೆ. ಮೋಡ ಮಳೆ ಸುರಿಸುವಾಗ ಭಾರದ ನೀರು ಮೊದಲು ಕೆಳಗಿಳಿಯುತ್ತದೆ. ಮಳೆ ಬಿಡದೆ ಸುರಿದಷ್ಟೂ ಮೋಡದಲ್ಲಿ ಹಗುರ ನೀರೇ ಉಳಿಯುತ್ತ ಬರುತ್ತದೆ. ಆದುದರಿಂದ ಜಡಿಮಳೆಯ ವರ್ಷದ ನೀರಿನಲ್ಲಿ ಭಾರದ ಆಮ್ಲಜನಕದ ಪಾಲು ಕಡಿಮೆ, ಬರದ ವರ್ಷದಲ್ಲಿ ಹೆಚ್ಚು. ಆ ನೀರಿನಿಂದ ಕಟ್ಟಿದ ಸುಣ್ಣದ ಪದರದಲ್ಲಿಯೂ ಅದೇ ಪಾಲು ಉಳಿದುಕೊಳ್ಳುತ್ತದೆ. ಪ್ರತಿ ಪದರದಿಂದ ಚಿಟಿಕೆಯಷ್ಟು ಪುಡಿಯನ್ನು ಕೊರೆದು ತೆಗೆದು ಪರಮಾಣುಗಳನ್ನು ತೂಗುವ ಯಂತ್ರಕ್ಕೆ ಕೊಟ್ಟರೆ ಆ ವರ್ಷದ ಮಳೆಯ ಹದ ಗೊತ್ತಾಗುತ್ತದೆ.

ಪದರ ಎಣಿಸಲಾಗದಷ್ಟು ತೆಳುವಾದಲ್ಲಿ ಇನ್ನೊಂದು ಉಪಾಯವಿದೆ. ಗವಿಗೆ ಇಳಿಯುವ ನೀರು ಅತ್ಯಲ್ಪ ಯುರೇನಿಯಮನ್ನು ತರುತ್ತದೆ, ಥೋರಿಯಮನ್ನು ಹೆಚ್ಚುಕಡಿಮೆ ತರುವುದೇ ಇಲ್ಲ. ಕಲ್ಲಿನೊಳಗೆ ಸೇರಿದ ಯುರೇನಿಯಮು ಕಾಲಕ್ರಮದಲ್ಲಿ ಥೋರಿಯಮಾಗಿ ಮಾರ್ಪಡುತ್ತದೆ. ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ನೋಡಿ ಸಾಲ ಎಂದು ಕೊಟ್ಟಿದ್ದೆಂದು ಶಾನುಭೋಗರು ಹೇಳಿದ ಹಾಗೆ, ಇವೆರಡರ ಪ್ರಮಾಣ ನೋಡಿ ಪದರದ ವಯಸ್ಸನ್ನು ಹೇಳುತ್ತಾರೆ.

ನೂರು ವರ್ಷ ಕಾಡಿದ ಬರಗಳು

ಇದೇ ವಿಧಾನದಿಂದ ಛತ್ತೀಸಗಢದ ಬಸ್ತರ ಸೀಮೆಯ ದಂಡಕ ಗವಿಯ ಕಲ್ಲನ್ನು ಅಶೀಶ್ ಸಿನ್ಹಾ ಮತ್ತು ಅವರ ಜೊತೆಗಾರರು ಓದಿ 2007ರಲ್ಲಿ ಪ್ರಕಟಿಸಿದರು. ಆ ಕಲ್ಲು ಕ್ರಿ.ಶ. 600ರಿಂದ 1500ರವರೆಗಿನ ಮಳೆಯ ಕಥೆ ಹೇಳುತ್ತದೆ. ದಂಡಕ ಗವಿ ನಮಗೆ ದೂರದ್ದಾದರೂ ಅದು ಮುಂಗಾರಿನ ಹೃದಯಭಾಗದಲ್ಲಿದೆ. ಅಲ್ಲಿ ಮುಂಗಾರು ಸೋತರೆ ದೇಶದ ಬಹುಭಾಗದಲ್ಲಿ ಸೋತಿದೆ ಎಂದೇ ಅರ್ಥ.

ಅದರಲ್ಲಿ ಕಂಡ ವಿಷಯ ನಿಜಕ್ಕೂ ಯೋಚನೆಗೆ ಹಚ್ಚುವಂಥದು. 14ನೇ ಶತಮಾನದ ನಡುವಿನಿಂದ 15ನೇ ಶತಮಾನದ ನಡುವಿನವರೆಗೆ ಮುಂಗಾರು ಪದೇ ಪದೇ ಸೋತಿತ್ತು. ಒಂದು ವರ್ಷ, ಎರಡು ವರ್ಷವಲ್ಲ. ಕೆಲವು ಸಲ ದಶಕ, ಎರಡು ದಶಕಗಳ ಕಾಲ ಎಡೆಬಿಡದೆ ಮಳೆ ಕಡಿಮೆಯಾಗಿತ್ತು. ದಖ್ಖನದ ಚರಿತ್ರೆಯಲ್ಲಿ ದುರ್ಗಾದೇವಿ ಬರ ಎಂಬ ಹೆಸರಿನ ಕ್ಷಾಮವೊಂದಿದೆ. 1396ರಲ್ಲಿ ಶುರುವಾಗಿ 12 ವರ್ಷ ಕಾಡಿತೆಂದು ಹೇಳುತ್ತಾರೆ. ಹನ್ನೆರಡು ವರ್ಷದ ಬರವೆಂಬುದು ಪುರಾಣದ ಉತ್ಪ್ರೇಕ್ಷೆಯಿರಬೇಕೆಂದು ಭಾವಿಸಿದವರಿದ್ದರು. ಗವಿಯ ಕಲ್ಲು ಆ ಕಾಲದ ಮುಂಗಾರು ದುರ್ಬಲವಾಗಿತ್ತೆಂದು ಸಾಕ್ಷಿ ಹೇಳಿದ ಮೇಲೆ ಆ ಮಾತನ್ನು ಹಾಗೆ ತಳ್ಳಿಹಾಕುವಂತಿಲ್ಲ. 1871ರಿಂದ ಈಚಿನ ನಮ್ಮ ಮಳೆಯ ಪುಸ್ತಕದಲ್ಲಿ ಇಷ್ಟು ದೀರ್ಘವಾದ ಸೋಲು ಒಂದೂ ಇಲ್ಲ.

ಇದು ವಿಜಯನಗರದ ಅರಸರ ಕಾಲ. ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ದೊಡ್ಡ ಕೆರೆ ಕಟ್ಟಿಸಿ ಶಾಸನ ಹಾಕಿಸಿದ. ದಿನಕ್ಕೆ ಸಾವಿರ ಆಳು, ಕಲ್ಲು ಹೊರಲು ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಅದರಲ್ಲಿ ಲೆಕ್ಕವೇ ಇದೆ. ಬರಕ್ಕೆ ಹೆದರಿ ಕಟ್ಟಿಸಿದೆನೆಂದು ಶಾಸನ ಹೇಳುವುದಿಲ್ಲ, ಪುಣ್ಯಕ್ಕಾಗಿ ಎನ್ನುತ್ತದೆ. ಆದರೂ ಮಳೆ ಮೇಲಿಂದ ಮೇಲೆ ಕೈಕೊಡುತ್ತಿದ್ದ ಶತಮಾನದಲ್ಲಿ ಇಂಥ ಕೆರೆಯ ನೀರಿನ ಬೆಲೆ ಎಷ್ಟಿದ್ದೀತೆಂಬುದನ್ನು ಒಣಬೇಸಾಯದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಡೋಗಿ ಬರದ ಧೂಳು

ವಿಜಾಪುರ, ಧಾರವಾಡ ಸೀಮೆಯಲ್ಲಿ ಡೋಗಿ ಬರವೆಂದರೆ 1791-92ರ ಕ್ಷಾಮ. ಸುಡುವವರೂ ಹೂಳುವವರೂ ಇಲ್ಲದೆ ನೆಲವೆಲ್ಲ ತಲೆಬುರುಡೆಗಳಿಂದ ತುಂಬಿತ್ತೆಂದು ಆ ಹೆಸರು. ಈ ಬರದ ಗುರುತು ಎಲ್ಲಿ ಸಿಕ್ಕಿದೆ ಗೊತ್ತೇ? ಟಿಬೆಟ್ಟಿನ ದಕ್ಷಿಣ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 7,200 ಮೀಟರು ಎತ್ತರದ ದಾಸುವೊಪು ಎಂಬ ಹಿಮರಾಶಿಯ ಒಡಲಿನಲ್ಲಿ.

ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಲಾನಿ ಥಾಂಪ್ಸನ್ ಮತ್ತು ಅವರ ತಂಡದವರು 1997ರಲ್ಲಿ ಆ ಎತ್ತರಕ್ಕೆ ಹತ್ತಿ ಕೊಳವೆಬಾವಿ ಕೊರೆದ ಹಾಗೆ ಮಂಜುಗಡ್ಡೆಯನ್ನು ತಳದವರೆಗೆ ಕೊರೆದು ಕಂಬದಂತಹ ತುಂಡುಗಳನ್ನು ಹೊರತೆಗೆದರು. ಅಲ್ಲಿ ಬೀಳುವ ಹಿಮ ಕರಗದೆ ವರ್ಷದ ಮೇಲೆ ವರ್ಷ ಒತ್ತಿಕೊಂಡು ಕೂರುತ್ತದೆ. ಮುಂಗಾರು ಚೆನ್ನಾಗಿದ್ದರೆ ಹಿಮ ಶುಭ್ರ. ಮುಂಗಾರು ಸೋತರೆ ಬಯಲಿನ ನೆಲ ಒಣಗಿ ಎದ್ದ ಧೂಳೂ ಉಪ್ಪಿನ ಅಂಶವೂ ಗಾಳಿಯಲ್ಲಿ ಹೋಗಿ ಹಿಮದ ಮೇಲೆ ಕೂರುತ್ತವೆ. 2000ದಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ ಕಳೆದ ಸಾವಿರ ವರ್ಷಗಳ ಮಂಜಿನಲ್ಲಿ 1790ರಿಂದ 1796ರವರೆಗಿನ ಬರಕ್ಕಿಂತ ತೀವ್ರವಾದ ಬರದ ಗುರುತು ಇಲ್ಲ. ಕೃಷ್ಣೆ ಮಲಪ್ರಭೆಯರ ನಡುವೆ ಜನ ಬುರುಡೆಯ ಹೆಸರಿನಿಂದ ನೆನಪಿಟ್ಟುಕೊಂಡ ಬರವೇ ಸುಮಾರು ಸಾವಿರ ಮೈಲಿ ಆಚೆಯ ಹಿಮದಲ್ಲಿಯೂ ಧೂಳಿನ ಗೆರೆಯಾಗಿ ಉಳಿದಿದೆ. ಅದೇ ಮಂಜಿನಲ್ಲಿ 20ನೇ ಶತಮಾನದ ಧೂಳು ಹಿಂದಿನದಕ್ಕಿಂತ ನಾಲ್ಕು ಪಟ್ಟು ಹೆಚ್ಚಾಗಿದೆಯಂತೆ. ಅದಕ್ಕೆ ಬರವಲ್ಲ, ಭಾರತ, ನೇಪಾಳಗಳಲ್ಲಿ ಹೆಚ್ಚಿದ ಮನುಷ್ಯರ ಚಟುವಟಿಕೆಯೇ ಕಾರಣವೆಂದು ಅವರು ಹೇಳುತ್ತಾರೆ.

ಮರದ ಸಾಕ್ಷ್ಯವೂ ಇದೆ. ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುವ ಮರ. ಹಾಗಾಗಿ ಅದರ ಬುಡವನ್ನು ಅಡ್ಡ ಕೊಯ್ದರೆ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಕಾಣುತ್ತದೆ. (ಸದಾ ಹಸಿರಾಗಿರುವ ಮಾವು ಹಲಸುಗಳಲ್ಲಿ ಇಷ್ಟು ಚೆನ್ನಾಗಿ ಕಾಣದು.) ಮಳೆ ಚೆನ್ನಾಗಿ ಆದ ವರ್ಷ ಉಂಗುರ ಅಗಲ, ಬರದ ವರ್ಷ ಕಿರಿದು. ಪುಣೆಯ ಸಂಸ್ಥೆಯ ಎಚ್.ಪಿ. ಬೋರಗಾಂವಕರ್ ಮತ್ತಿತರರು ಕೇರಳದ ತೇಗಗಳಿಂದ 1481ರಿಂದ 2003ರವರೆಗೆ 523 ವರ್ಷಗಳ ಸಾಲನ್ನು ಹೊಂದಿಸಿದ್ದಾರೆ. ಮುಂಗಾರು ಸೋತ ವರ್ಷಗಳಲ್ಲಿ, ಅದರಲ್ಲಿಯೂ ಎಲ್ ನಿನೊ ಕಾಣಿಸಿಕೊಂಡ ವರ್ಷಗಳಲ್ಲಿ, ಉಂಗುರ ಸಣಕಲಾಗಿರುವುದು ಇದರಲ್ಲಿ ಕಂಡಿದೆ.

ಎಲ್ ನಿನೊ ಎಂಬ ಹೆಸರು ಈಗ ಪ್ರತಿ ಮುಂಗಾರಿನ ಮುಂಚೆ ಪತ್ರಿಕೆಗಳಲ್ಲಿ ಬರುತ್ತದೆ. ದಕ್ಷಿಣ ಅಮೆರಿಕದ ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದ ನಡುಭಾಗದವರೆಗೆ ನೀರು ಮಾಮೂಲಿಗಿಂತ ಬಿಸಿಯಾಗುವುದೇ ಎಲ್ ನಿನೊ. ಇದಕ್ಕೂ ನಮ್ಮ ಮಳೆಗೂ ಇರುವ ನಂಟಿನ ಜಾಡು ಸಿಕ್ಕಿದ್ದು ಭಾರತದ ಬರಗಳಿಂದಲೇ. 1904ರಲ್ಲಿ ನಮ್ಮ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಅವರು ಮುಂಗಾರನ್ನು ಮೊದಲೇ ಹೇಳಲು ಸಾಧ್ಯವೇ ಎಂದು ಪ್ರಪಂಚದ ಎಲ್ಲೆಡೆಯ ವಾಯುಭಾರದ ಲೆಕ್ಕವನ್ನು ತಾಳೆ ನೋಡುತ್ತ ಹೋದರು. ಪೆಸಿಫಿಕ್ಕಿನಲ್ಲಿ ವಾಯುಭಾರ ಏರಿದರೆ ಹಿಂದೂ ಸಾಗರದ ಕಡೆ ಇಳಿಯುವ, ಅಲ್ಲಿ ಇಳಿದರೆ ಇಲ್ಲಿ ಏರುವ, ಏತದಂಥ ತೂಗಾಟ ಅವರ ಕಣ್ಣಿಗೆ ಬಿತ್ತು. ಧಾತು ಈಶ್ವರದ ಬರದ ಕಾಲದಲ್ಲಿಯೂ ಪ್ರಬಲವಾದ ಎಲ್ ನಿನೊ ಇತ್ತೆಂದು ಈಗ ತಿಳಿದಿದೆ. ಹಾಗೆಂದು ಎಲ್ ನಿನೊ ಸುದ್ದಿ ಕೇಳಿದೊಡನೆ ಬಿತ್ತನೆ ಬೀಜ ಮಾರಿಬಿಡುವುದು ಬೇಡ. 1997ರಲ್ಲಿ ಬಹಳ ಬಲವಾದ ಎಲ್ ನಿನೊ ಇದ್ದೂ ದೇಶದ ಮುಂಗಾರು ವಾಡಿಕೆಯಷ್ಟೇ ಆಗಿತ್ತು.

ನೀಲಗಿರಿಯ ಕರಿಮಣ್ಣು

ಇನ್ನೂ ಹಿಂದಿನ ಕಾಲದ ಲೆಕ್ಕ ಬೇಕಾದರೆ ನೀಲಗಿರಿಯ ನೆತ್ತಿಗೆ ಹೋಗಬೇಕು. ಅಲ್ಲಿ ಗುಡ್ಡಗಳ ನಡುವಿನ ತಗ್ಗುಗಳಲ್ಲಿ ಸದಾ ನೀರು ನಿಂತು, ಸತ್ತ ಹುಲ್ಲು ಎಲೆಗಳು ಪೂರ್ತಿ ಕೊಳೆಯದೆ ಸಾವಿರಾರು ವರ್ಷಗಳಿಂದ ಒಂದರ ಮೇಲೊಂದು ಕೂತು ಕರಿಮಣ್ಣಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆರ್. ಸುಕುಮಾರ್ ಮತ್ತು ಸಂಗಡಿಗರು ಈ ಮಣ್ಣನ್ನು ಪರೀಕ್ಷಿಸಿ 1993ರಲ್ಲಿ ಬರೆದ ಲೇಖನ ಈ ಕ್ಷೇತ್ರದಲ್ಲಿ ಹೆಸರುವಾಸಿ.

ಅವರ ಉಪಾಯ ರೈತರಿಗೆ ಬೇಗ ಅರ್ಥವಾಗುವಂಥದು. ಗಾಳಿಯಲ್ಲಿರುವ ಇಂಗಾಲವನ್ನು ಎಲೆಯೊಳಗೆ ಹಿಡಿದು ಆಹಾರವಾಗಿ ಮಾಡಿಕೊಳ್ಳುವುದರಲ್ಲಿ ಸಸ್ಯಗಳು ಮುಖ್ಯವಾಗಿ ಎರಡು ಪಂಗಡ. ಭತ್ತ, ಗೋಧಿ, ದ್ವಿದಳ ಧಾನ್ಯಗಳು, ಅಡಿಕೆ, ಕಾಡಿನ ಮರಗಳೆಲ್ಲ ಒಂದು ಪಂಗಡಕ್ಕೆ ಸೇರಿದವು. ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬು ಮತ್ತು ಬಿಸಿಲುನಾಡಿನ ಬಹಳಷ್ಟು ಹುಲ್ಲುಗಳು ಇನ್ನೊಂದು ಪಂಗಡ. ಎರಡನೆಯ ಪಂಗಡದವು ಕಡಿಮೆ ನೀರಿನಲ್ಲಿ, ಹೆಚ್ಚು ಬಿಸಿಲಿನಲ್ಲಿ ಗೆಲ್ಲುತ್ತವೆ. ರಾಗಿ ಜೋಳಗಳ ತಾಳಿಕೆಯ ಗುಟ್ಟಿನಲ್ಲಿ ಇದೂ ಒಂದು. ಇಂಗಾಲದಲ್ಲಿಯೂ ಹಗುರ, ಭಾರ ಎಂಬ ಎರಡು ಬಗೆಯುಂಟು. ಜೋಳದ ಪಂಗಡ ಭಾರದ ಇಂಗಾಲವನ್ನು ತುಸು ಹೆಚ್ಚಾಗಿ ಇಟ್ಟುಕೊಳ್ಳುತ್ತದೆ. ಸಸ್ಯ ಸತ್ತು ಮಣ್ಣಾದರೂ ಆ ಗುರುತು ಅಳಿಯುವುದಿಲ್ಲ. ಹೀಗೆ ಯಾವ ಆಳದ ಮಣ್ಣಿನಲ್ಲಿ ಯಾವ ಪಂಗಡದ ಗುರುತು ಹೆಚ್ಚಿದೆಯೆಂದು ನೋಡಿ ಆ ಕಾಲದಲ್ಲಿ ಅಲ್ಲಿ ಒಣನೆಲದ ಹುಲ್ಲು ಬೆಳೆದಿತ್ತೋ ತೇವದ ಕಾಡು ಬೆಳೆದಿತ್ತೋ ಹೇಳಬಹುದು.

ಸುಮಾರು 20,000ದಿಂದ 18,000 ವರ್ಷಗಳ ಹಿಂದೆ, ಉತ್ತರದ ಖಂಡಗಳು ಹಿಮದಲ್ಲಿ ಹೂತಿದ್ದಾಗ, ನೀಲಗಿರಿಯಲ್ಲಿ ಹುಲ್ಲಿನದೇ ರಾಜ್ಯ. ಮುಂಗಾರು ಬಹಳ ಸೊರಗಿತ್ತು. ಸುಮಾರು 10,000 ವರ್ಷಗಳ ಹಿಂದೆ ಮುಂಗಾರು ಬಲವಾಗಿ ಮರಗಳು ಮೇಲುಗೈ ಪಡೆದವು. ಮತ್ತೆ ಸುಮಾರು 6,000ದಿಂದ 3,500 ವರ್ಷಗಳ ಹಿಂದಿನವರೆಗೆ ಒಣಹವೆ.

ಹಿಮಯುಗದ ಹುಲ್ಲಿಗೆ ಬರವೊಂದೇ ಕಾರಣವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆಯುಂಟು. ಅಂಟಾರ್ಕ್ಟಿಕದ ಮಂಜಿನಲ್ಲಿ ಸಿಕ್ಕಿಕೊಂಡ ಪುಟ್ಟ ಗುಳ್ಳೆಗಳಲ್ಲಿ ಹಳೆಯ ಕಾಲದ ಗಾಳಿಯೇ ಉಳಿದಿದೆ. ಎಂಟು ಲಕ್ಷ ವರ್ಷಗಳ ಗಾಳಿಯನ್ನು ಹೀಗೆ ಅಳೆದಿದ್ದಾರೆ. ಆ ಹಿಮಯುಗದಲ್ಲಿ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈ ಆಕ್ಸೈಡು ಸುಮಾರು 190 ಪಾಲು ಮಾತ್ರವಿತ್ತು. ಅಷ್ಟು ಕಡಿಮೆಯಿದ್ದಾಗ ಜೋಳದ ಪಂಗಡಕ್ಕೇ ಅನುಕೂಲ, ಭತ್ತದ ಪಂಗಡಕ್ಕೆ ಉಪವಾಸ. ಹಾಗಾಗಿ ಹುಲ್ಲು ಗೆದ್ದದ್ದರಲ್ಲಿ ಬರದ ಪಾಲೆಷ್ಟು, ಗಾಳಿಯ ಪಾಲೆಷ್ಟು ಎಂದು ಬೇರ್ಪಡಿಸಬೇಕಾಗುತ್ತದೆ. ಕಾರ್ಖಾನೆಗಳ ಯುಗ ಶುರುವಾಗುವ ಮೊದಲು ಈ ಪ್ರಮಾಣ ಸುಮಾರು 280 ಇತ್ತು. ಈಗ 420ನ್ನು ದಾಟಿದೆ. ಎಂಟು ಲಕ್ಷ ವರ್ಷಗಳ ಮಂಜಿನಲ್ಲಿ ಎಲ್ಲಿಯೂ ಇಷ್ಟು ಕಂಡಿಲ್ಲ. ಹಳೆಯ ಬರಗಳ ಪಟ್ಟಿ ಮುಂದೆಯೂ ಹಾಗೆಯೇ ಮರುಕಳಿಸುತ್ತದೆಂದು ಹೇಳಲಾಗದಿರುವುದು ಇದರಿಂದಲೇ. ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿಯುತ್ತದೆ, ಸುರಿದರೆ ಒಮ್ಮೆಲೇ ಸುರಿಯುತ್ತದೆ.

ಆ ಕೊನೆಯ ಒಣಗಾಲದ ಬಗ್ಗೆ ಒಂದು ಮಾತು. ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ದುರ್ಬಲವಾದ ಗುರುತು ಚಿರಾಪುಂಜಿಯ ಹತ್ತಿರದ ಮಾವ್ಮ್ಲು ಗವಿಯ ಕಲ್ಲಿನಲ್ಲಿದೆ. ಅದನ್ನೇ ಮೇರೆಯಾಗಿ ಇಟ್ಟುಕೊಂಡು ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘ 2018ರಲ್ಲಿ ಅಲ್ಲಿಂದ ಈಚಿನ ಕಾಲಕ್ಕೆ ಮೇಘಾಲಯ ಯುಗವೆಂದೇ ಹೆಸರಿಟ್ಟಿತು. ಅದೇ ಕಾಲಕ್ಕೆ ಬಳ್ಳಾರಿಯ ಸಂಗನಕಲ್ಲಿನಂಥ ಕಡೆಗಳಲ್ಲಿ ದನ ಸಾಕಿಕೊಂಡು ಬೇಸಾಯ ಮಾಡುತ್ತಿದ್ದ ಜನರಿದ್ದರು. ಅವರ ನೆಲೆಗಳಲ್ಲಿ ಸುಟ್ಟು ಕರಿಯಾಗಿ ಉಳಿದ ಕಾಳುಗಳನ್ನು ಪುರಾತತ್ವಜ್ಞರು ಜಾಲಿಸಿ ತೆಗೆದು ಗುರುತಿಸಿದ್ದಾರೆ. ಸಿಕ್ಕಿದವು ಯಾವುವು? ಕೊರಲೆ, ಹುರುಳಿ, ಹೆಸರು! ಈಗಲೂ ತುಮಕೂರು, ಚಿತ್ರದುರ್ಗದ ಕಡೆ ಮಳೆ ತಡವಾದಾಗ ಬಿತ್ತುವ ಕಾಳುಗಳೇ ಇವು. ಬಯಲುಸೀಮೆಯ ಬೇಸಾಯ ಹುಟ್ಟಿದ್ದೇ ಮಳೆ ಸಾಲದ ಕಾಲದಲ್ಲಿ ಎನ್ನಲು ಅಡ್ಡಿಯಿಲ್ಲ.

ಇದರಿಂದ ರೈತರಿಗೇನು?

ಬರುವ ಆರಿದ್ರ ಮಳೆ ಹೊಯ್ಯುವುದೋ ಇಲ್ಲವೋ ಎಂಬುದನ್ನು ಗವಿಯ ಕಲ್ಲು ಹೇಳಲಾರದು. ಮೇಲಿನ ನೀರು ಗವಿಗೆ ಇಳಿಯಲು ತಿಂಗಳುಗಳೇ ಬೇಕಾಗುವುದುಂಟು, ಕೆಲವೆಡೆ ವರ್ಷಗಳು. ಕಾಲದ ಲೆಕ್ಕದಲ್ಲಿ ಕೆಲವು ವರ್ಷಗಳ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಒಂದು ಕಲ್ಲು ಹೇಳಿದ್ದು ಆ ಗುಡ್ಡದ ಮಾತು; ಹತ್ತು ಕಡೆಯ ಕಲ್ಲು, ಮರ, ಮಣ್ಣು ಒಂದೇ ಮಾತು ಹೇಳಿದರೆ ಮಾತ್ರ ಸೀಮೆಯ ಮಾತು.

ಆದರೆ ‘ವಾಡಿಕೆ ಮಳೆ’ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆಂಬುದನ್ನು ಇವು ಪ್ರಶ್ನಿಸುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ವಾಡಿಕೆ ಮಳೆ 87 ಸೆಂಟಿಮೀಟರು ಎಂದು ಇಲಾಖೆ ಹೇಳುವಾಗ ಅದು 1971ರಿಂದ 2020ರವರೆಗಿನ 50 ವರ್ಷದ ಸರಾಸರಿ. ದಂಡಕದ ಕಲ್ಲು ಕಂಡ ಹತ್ತಿಪ್ಪತ್ತು ವರ್ಷದ ಸೋಲು ಆ ಐವತ್ತರಲ್ಲಿ ಸೇರಿಲ್ಲ. 2023ರ ಒಂದೇ ಮುಂಗಾರು ಸೋತದ್ದಕ್ಕೆ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂಥವು ನಾಲ್ಕಾರು ಒಟ್ಟಿಗೆ ಬಂದರೆ ಕೊಳವೆಬಾವಿಗಳ ಗತಿಯೇನು? ಹಿಂದೆ ಕೆರೆ ಬತ್ತಿದರೂ ಬಾವಿಯಲ್ಲಿ ನೀರಿರುತ್ತಿತ್ತು. ಈಗ ಬಹಳ ಕಡೆ ಬಾವಿಯ ನೀರನ್ನು ಒಳ್ಳೆಯ ವರ್ಷಗಳಲ್ಲಿಯೇ ಮುಗಿಸುತ್ತಿದ್ದೇವೆ. ಅಣೆಕಟ್ಟಿನ ನೀರಿನ ಹಂಚಿಕೆ, ಬೆಳೆ ವಿಮೆ, ಕೆರೆಗಳ ಹೂಳೆತ್ತುವ ಯೋಜನೆ ಇವುಗಳ ಲೆಕ್ಕ ಹಾಕುವವರು ಐವತ್ತು ವರ್ಷದ ಸರಾಸರಿಯ ಜೊತೆಗೆ ಐನೂರು ವರ್ಷದ ತೇಗದ ಸಾಲನ್ನೂ ಮೇಜಿನ ಮೇಲೆ ಇಟ್ಟುಕೊಳ್ಳಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಈ ಕೆಲಸದಲ್ಲಿ ಹಳ್ಳಿಯವರು ನೆರವಾಗಬಹುದಾದ ಒಂದು ಸಂಗತಿ ಇದೆ. ಕಲ್ಲು, ಮರಗಳ ಭಾಷೆಯನ್ನು ಮಳೆಯಾಗಿ ಓದಬೇಕಾದರೆ ಅವುಗಳ ಹೊರಗಿನ, ಈಚಿನ ಪದರಗಳನ್ನು ಹತ್ತಿರದ ಮಳೆಮಾಪಕದ ಲೆಕ್ಕದೊಡನೆ ಹೋಲಿಸಿ ನೋಡಲೇಬೇಕು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ತಾನೇ ಅಳೆಯುವ ಮಳೆಮಾಪಕಗಳು ರಾಜ್ಯದಲ್ಲಿವೆಯಾದರೂ ಅವೆಲ್ಲ ಈಚಿನವು. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಮಳೆಯನ್ನು ದಿನವೂ ಅಳೆದು ಪುಸ್ತಕದಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ಬಂದಿದೆ. ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿಯೂ ಇಂಥ ಪುಸ್ತಕಗಳು ಕಂಡಾವು. ಅಟ್ಟದ ಮೇಲೆ ಗೆದ್ದಲು ಹಿಡಿಯಲು ಬಿಡದೆ, ಹತ್ತಿರದ ಕೃಷಿ ವಿಶ್ವವಿದ್ಯಾನಿಲಯದ ಹವಾಮಾನ ವಿಭಾಗದವರಿಗೆ ತೋರಿಸಿದರೆ ಅವರು ಪ್ರತಿ ಮಾಡಿಕೊಂಡು ಮೂಲ ಪುಸ್ತಕವನ್ನು ಹಿಂದಿರುಗಿಸಬಹುದು. ಅಂಗುಲ, ಸೆಂಟುಗಳಲ್ಲಿ ಬರೆದಿದ್ದರೂ ಚಿಂತೆಯಿಲ್ಲ. ನೂರು ಸೆಂಟಿಗೆ ಒಂದು ಅಂಗುಲ, ಒಂದು ಅಂಗುಲಕ್ಕೆ 25.4 ಮಿಲಿಮೀಟರು.